ಮೂರನೆಯ ಪರಮಾಣುವಿನ ಇಕ್ಕಟ್ಟು

ಕಬ್ಬಿಣವನ್ನು 770 ಡಿಗ್ರಿ ಸೆಲ್ಸಿಯಸ್ ದಾಟುವಂತೆ ಕಾಯಿಸಿದರೆ ಅದು ತನ್ನ ಕಾಂತಗುಣವನ್ನು ಕಳೆದುಕೊಳ್ಳುತ್ತದೆ. ಅದರ ಪ್ರತಿ ಪರಮಾಣುವೂ ಒಂದು ಪುಟ್ಟ ಕಾಂತ. ಆ ಕಾಂತವನ್ನು ಸ್ಪಿನ್ ಎನ್ನುತ್ತಾರೆ. ಕಾವು ಹೆಚ್ಚಿದ್ದಾಗ ಸ್ಪಿನ್‌ಗಳು ದಿಕ್ಕುದೆಸೆಯಿಲ್ಲದೆ ಹೊರಳುತ್ತಿರುತ್ತವೆ. ತಣಿದು 770ಕ್ಕಿಂತ ಕೆಳಗಿಳಿದರೆ ನೆರೆಹೊರೆಯವೆಲ್ಲ ಒಂದೇ ಕಡೆ ಮುಖ ಮಾಡತೊಡಗುತ್ತವೆ. ಇದು ಸ್ಥಿತ್ಯಂತರ.

ಚಿನ್ನಕ್ಕೆ ಶೇ. 1ರಷ್ಟು ಕಬ್ಬಿಣ ಬೆರೆಸಿದರೆ ಕಥೆಯೇ ಬೇರೆ. ಕಬ್ಬಿಣದ ಪರಮಾಣುಗಳು ಅಲ್ಲೊಂದು ಇಲ್ಲೊಂದು ಚದುರಿರುತ್ತವೆ. ಒಂದರ ಪ್ರಭಾವ ಇನ್ನೊಂದಕ್ಕೆ ತಲುಪುವುದು ಚಿನ್ನದ ಎಲೆಕ್ಟ್ರಾನ್‌ಗಳ ಮೂಲಕ. ಆ ಪ್ರಭಾವವೋ, ದೂರಕ್ಕೆ ತಕ್ಕಂತೆ ಮಾತು ಬದಲಿಸುತ್ತದೆ: ಇಷ್ಟು ದೂರದಲ್ಲಿದ್ದರೆ ‘ನನ್ನ ಹಾಗೇ ತಿರುಗು’, ಇನ್ನೊಂದಿಷ್ಟು ಆಚೆಗಿದ್ದರೆ ‘ನನಗೆ ಎದುರಾಗಿ ತಿರುಗು’. ಮೂರು ಸ್ಪಿನ್‌ಗಳಲ್ಲಿ ಯಾವ ಎರಡನ್ನು ತೆಗೆದುಕೊಂಡರೂ ಅವು ಎದುರುಬದುರಾಗಿರಬೇಕು ಎಂದಿಟ್ಟುಕೊಳ್ಳಿ. ಒಂದು ಮೇಲಕ್ಕೆ, ಇನ್ನೊಂದು ಕೆಳಕ್ಕೆ. ಮೂರನೆಯದು? ಎತ್ತ ತಿರುಗಿದರೂ ಒಬ್ಬರೊಡನೆ ವಿರಸ ತಪ್ಪಿದ್ದಲ್ಲ. ಇಂಥ ಇಕ್ಕಟ್ಟು ಇಡೀ ಲೋಹದ ತುಂಬ ಹರಡಿರುವಾಗ ಅಲ್ಲಿ ಸ್ಥಿತ್ಯಂತರ ಹೇಗೆ ಸಾಧ್ಯ?

ಆದರೆ 1972ರಲ್ಲಿ ಭೌತವಿಜ್ಞಾನಿಗಳಾದ ಕನೆಲ್ಲಾ ಮತ್ತು ಮೈಡಾಷ್ ಚಿನ್ನ–ಕಬ್ಬಿಣದ ಮಿಶ್ರಲೋಹವನ್ನು ಮೈನಸ್ 260 ಡಿಗ್ರಿಗೂ ಕೆಳಕ್ಕೆ ತಣಿಸಿ, ದುರ್ಬಲ ಕಾಂತಕ್ಷೇತ್ರಕ್ಕೆ ಅದು ಹೇಗೆ ಸ್ಪಂದಿಸುತ್ತದೆಂದು ಅಳೆದರು. ಸ್ಪಂದನೆ ಏರುತ್ತ ಹೋಗಿ ಒಂದು ನಿರ್ದಿಷ್ಟ ತಾಪದಲ್ಲಿ ಚೂಪಾದ ಶಿಖರ ಮುಟ್ಟಿ ಇಳಿಯಿತು. ಏನೋ ಹೆಪ್ಪುಗಟ್ಟಿತ್ತು. ಒಂದೇ ಸಾಲಿಗೆ ನಿಂತ ಸ್ಪಿನ್‌ಗಳು ಮಾತ್ರ ಎಲ್ಲಿಯೂ ಇರಲಿಲ್ಲ. ಇಂಥ ವಸ್ತುಗಳಿಗೆ ‘ಸ್ಪಿನ್ ಗ್ಲಾಸ್’ ಎಂದು ಹೆಸರು.

1975ರಲ್ಲಿ ಸಿದ್ಧಾಂತಿಗಳಾದ ಎಡ್ವರ್ಡ್ಸ್ ಮತ್ತು ಆಂಡರ್ಸನ್ ಪ್ರಶ್ನೆಯನ್ನೇ ತಿರುಗಿಸಿದರು. ಸ್ಪಿನ್‌ಗಳೆಲ್ಲ ಒಂದೇ ಕಡೆ ನೋಡುತ್ತಿವೆಯೇ ಎನ್ನುವುದಕ್ಕಿಂತ, ಈಗ ಒಂದು ಸ್ಪಿನ್ ನೋಡುತ್ತಿರುವ ಕಡೆಗೇ ಅದು ಬಹುಕಾಲದ ನಂತರವೂ ನೋಡುತ್ತಿರುತ್ತದೆಯೇ ಎಂಬುದನ್ನು ಅಳತೆಗೋಲಾಗಿಸಿದರು. ಜಾಗದಲ್ಲಿ ಕಾಣದ ಶಿಸ್ತನ್ನು ಕಾಲದಲ್ಲಿ ಹುಡುಕಿದ ಈ ನಡೆ ನನಗೆ ಭೌತವಿಜ್ಞಾನದ ಅತ್ಯಂತ ಚೆಲುವಾದ ಯೋಚನೆಗಳಲ್ಲೊಂದು.

ಈ ಲೋಹಗಳಿಗೆ ನೆನಪೂ ಇದೆ. ತಣಿಸುತ್ತ ನಡುವೆ ಒಂದು ತಾಪದಲ್ಲಿ ಕೆಲವು ಗಂಟೆ ನಿಲ್ಲಿಸಿದರೆ ಸ್ಪಂದನೆ ಮೆಲ್ಲಗೆ ಕುಗ್ಗುತ್ತದೆ. ಮುಂದೆ ತಣಿಸಿದಾಗ ಆ ಕುಗ್ಗು ಅಳಿಸಿಹೋದಂತೆ ಕಾಣುತ್ತದೆ. ಮತ್ತೆ ಕಾಯಿಸುತ್ತ ಬನ್ನಿ, ಎಲ್ಲೂ ನಿಲ್ಲಿಸಬೇಡಿ. ಹಿಂದೆ ತಂಗಿದ್ದ ತಾಪ ಬಂದಾಗ ಸ್ಪಂದನೆ ಮತ್ತೆ ಕುಗ್ಗುತ್ತದೆ!

ಪ್ರತಿ ಸ್ಪಿನ್ನೂ ಉಳಿದೆಲ್ಲದರ ಜೊತೆ ನಂಟು ಹೊಂದಿರುವ, ಸ್ಪಿನ್ ಗ್ಲಾಸ್‌ನ ಆದರ್ಶ ಮಾದರಿಗೆ 1979ರಲ್ಲಿ ಉತ್ತರ ಕಂಡುಕೊಂಡವರು ಇಟಲಿಯ ಜಾರ್ಜಿಯೊ ಪರೀಸಿ. 2021ರ ನೊಬೆಲ್ ಪ್ರಶಸ್ತಿಯ ಅರ್ಧಭಾಗ ಅವರದಾಯಿತು. ನೆರೆಯವರ ಮಾತನ್ನಷ್ಟೇ ಕೇಳುವ ಸ್ಪಿನ್‌ಗಳಿರುವ ಮೂರು ಆಯಾಮದ ವಸ್ತುವಿಗೂ ಆ ಉತ್ತರ ಹೊಂದುತ್ತದೆಯೇ ಎಂಬ ವಾದ ಇಂದಿಗೂ ಮುಗಿದಿಲ್ಲ.