ಹೊಳೆಗೆ ಎಸೆಯುವ ಚಮಚ

ಶಿರಸಿ ತಾಲ್ಲೂಕಿನ ವಾನಳ್ಳಿ, ಆಚೆಗೆ ಸಿದ್ದಾಪುರ, ಯಲ್ಲಾಪುರ. ಈ ಸೀಮೆಗೆ ಕೆಲಸಕ್ಕೆಂದು, ವ್ಯಾಪಾರಕ್ಕೆಂದು ಹೋಗುವ ನಮ್ಮ ಕರಾವಳಿಯ ಹುಡುಗರ ಚೀಲದಲ್ಲಿ ಈಗ ರಾಡ್, ರೀಲ್ ಜೊತೆಗೆ ಒಂದು ಪುಟ್ಟ ಡಬ್ಬಿಯೂ ಇರುತ್ತದೆ. ತೆರೆದರೆ ಫಳಫಳ ಹೊಳೆಯುವ ಲೋಹದ ತುಂಡುಗಳು. ಎರೆಹುಳು ಇಲ್ಲ, ಸಿಗಡಿ ಇಲ್ಲ. "ಇದಕ್ಕೆ ಮೀನು ಕಚ್ಚುತ್ತದಾ ಉಸ್ತಾದ್?" ಅಂತ ಮದ್ರಸದ ಮಕ್ಕಳು ಕೇಳುತ್ತಾರೆ. ಕಚ್ಚುತ್ತದೆ.

ಇದು ಹೊಸದೇನಲ್ಲ. ಅಮೆರಿಕದ ಜೂಲಿಯೊ ಬ್ಯುಯೆಲ್ ಎಂಬವರು ಚಮಚದ ಆಕಾರದ ಗಾಳಕ್ಕೆ 1852ರಲ್ಲಿ ಪೇಟೆಂಟ್ ಪಡೆದರು. ದೋಣಿಯಿಂದ ಜಾರಿ ಬಿದ್ದ ಚಮಚಕ್ಕೆ ಮೀನು ಎರಗಿದ್ದನ್ನು ಕಂಡು ಹೊಳೆದ ಉಪಾಯವಂತೆ. ನಮ್ಮ ಕಡೆಗೂ ಇದು ತಡವಾಗಿ ಬಂದದ್ದಲ್ಲ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ ಬರೆದ 'ದಿ ರಾಡ್ ಇನ್ ಇಂಡಿಯಾ' 1873ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. ಮಹಶೀರ್ ಮೀನಿಗೆ ಸ್ಪೂನ್ ಹಾಕುವ ವಿಷಯ ಅದರಲ್ಲಿದೆ. ಹೊಳೆಯ ಮೀನು ಉಳಿಸಬೇಕೆಂದು ಸರ್ಕಾರಕ್ಕೆ ಬರೆದವರೂ ಇದೇ ಥಾಮಸ್.

ಸ್ಪೂನ್ ಅಂದರೆ ಹಿಡಿ ಕತ್ತರಿಸಿದ ಚಮಚವೇ. ಎಳೆದಾಗ ಗಾಯಗೊಂಡ ಮರಿಮೀನಿನ ಹಾಗೆ ಅತ್ತಿತ್ತ ಓಲಾಡುತ್ತದೆ. ಸ್ಪಿನ್ನರ್ ಬೇರೆ. ಅದರಲ್ಲಿ ತಂತಿಯ ಸುತ್ತ ಎಲೆಯಂಥ ತಗಡು ಗಿರಗಿರ ತಿರುಗುತ್ತದೆ, ನೀರು ಅದುರುತ್ತದೆ. ತಿರುಗುವ ವಸ್ತುವಿಗೆ ದಾರ ನೇರ ಕಟ್ಟಿದರೆ ಹತ್ತು ಎಸೆತದೊಳಗೆ ದಾರ ಹುರಿಯಾಗಿ ಗಂಟುಬೀಳುತ್ತದೆ. ಹಾಗಾಗಿ ರೀಲಿನ ದಾರದ ತುದಿಗೆ ಮೊದಲು ಸ್ವಿವೆಲ್ ಕಟ್ಟಬೇಕು, ಅದರ ಮುಂದೆ ಒಂದೂವರೆ ಎರಡು ಅಡಿ ಗಟ್ಟಿ ದಾರ, ಆಮೇಲೆ ಸ್ಪೂನು. ಗಂಟನ್ನು ಬಿಗಿಯುವ ಮೊದಲು ಎಂಜಲು ಹಚ್ಚಿ ಒದ್ದೆ ಮಾಡಿ, ಇಲ್ಲದಿದ್ದರೆ ನೈಲಾನ್ ಬಿಸಿಯಾಗಿ ಸೋಲುತ್ತದೆ. ಅಂಗಡಿಯಲ್ಲಿ ಬರುವ ಮೂರು ಮೊನೆಯ ಗಾಳ ತೆಗೆದು ಒಂದೇ ಮೊನೆಯದು ಹಾಕಿದರೆ ಕಲ್ಲಿಗೆ ಸಿಕ್ಕುವುದೂ ಕಡಿಮೆ, ಸಣ್ಣ ಮೀನನ್ನು ವಾಪಸ್ ಬಿಡುವುದೂ ಸುಲಭ.

ಎಸೆಯುವುದು ಹರಿವಿಗೆ ಅಡ್ಡಲಾಗಿ, ಸ್ವಲ್ಪ ಮೇಲಕ್ಕೆ. ನೀರು ಗುಂಡಿಗೆ ಬೀಳುವ ಜಾಗ, ದೊಡ್ಡ ಬಂಡೆಯ ಹಿಂದಿನ ನೆರಳು, ಅಲ್ಲಿ ಮೀನು ಹೊಂಚು ಹಾಕಿರುತ್ತದೆ. ತಗಡು ತಿರುಗುವಷ್ಟೇ ನಿಧಾನಕ್ಕೆ ಎಳೆಯಬೇಕು. ನಮ್ಮ ಹುಡುಗರಿಗೆ ಅವಸರ ಜಾಸ್ತಿ, ಸ್ಪೂನು ನೀರಿನ ಮೇಲೇ ಓಡಿ ಬರುತ್ತದೆ!

ಇಷ್ಟೆಲ್ಲ ಕಷ್ಟಪಟ್ಟರೆ ಒಂದು ಎಸೆತಕ್ಕೆ ಸಿಗುವುದು ಹೆಚ್ಚೆಂದರೆ ಒಂದು ಮೀನು. ನಾವು ಮೆಚ್ಚುವುದು ಅದನ್ನೇ. ತೋಟೆ ಸಿಡಿಸಿದರೆ, ವಿಷ ಕಲಸಿದರೆ ಗುಂಡಿಯ ಮರಿ ಮೊಟ್ಟೆ ಎಲ್ಲ ಸಾಯುತ್ತದೆ. 1897ರ ಮೀನುಗಾರಿಕೆ ಕಾಯ್ದೆಯಲ್ಲೇ ಎರಡಕ್ಕೂ ನಿಷೇಧ ಇದೆ, ಆದರೂ ನಿಂತಿಲ್ಲ. ಬೆಳ್ತಂಗಡಿಯ ಶಿಶಿಲದಲ್ಲಿ 1996ರಲ್ಲಿ ಯಾರೋ ವಿಷ ಹಾಕಿ ದೇವರ ಮೀನುಗಳನ್ನು ಕೊಂದದ್ದು ಆ ಊರು ಮರೆತಿಲ್ಲ. ದೇವಸ್ಥಾನದ ಕಡವಿನಲ್ಲಿ ಸ್ಪೂನು ಎಸೆಯುವುದು ಬೇಡವೇ ಬೇಡ. ನೆರೆಯವರು ಅಕ್ಕಿ ಹಾಕಿ ಸಾಕಿದ ಮೀನು ಅದು.

ಮೀನಿಗೆ ದಬಹ್ ಬೇಕಿಲ್ಲ, ತಿನ್ನಲು ಹಿಡಿಯುವುದು ಹಲಾಲ್. ಹಾಗಂತ ಹಿಡಿದು, ಫೋಟೊ ತೆಗೆದು, ಬಂಡೆಯ ಮೇಲೆ ಒದ್ದಾಡಲು ಬಿಟ್ಟು ಬರುವುದಕ್ಕೆ ಅನುಮತಿ ಎಲ್ಲಿದೆ? ಜೀವ ಇರುವುದನ್ನು ಆಟಕ್ಕೆ ಗುರಿ ಮಾಡಬಾರದೆಂದು ನಾವೇ ಮಕ್ಕಳಿಗೆ ಪಾಠ ಮಾಡುತ್ತೇವೆ. ಪುಳಿಮುಂಚಿಗೆ ಬೇಕಾದಷ್ಟು ಹಿಡಿಯಿರಿ, ಉಳಿದದ್ದು ಹೊಳೆಯಲ್ಲಿರಲಿ. ಮೊದಲ ಮಳೆಗೆ ಮೊಟ್ಟೆ ಇಡಲು ಮೇಲೇರುವ ಮೀನು, ಘಟ್ಟದವರ ಹತ್ತುಮೀನು, ನಮ್ಮ ಉಬರ್, ಅದನ್ನಂತೂ ಮುಟ್ಟಬೇಡಿ. ಆಗ ಹೊಳೆಯ ಸೆಳೆತವೂ ಕೆಟ್ಟದ್ದು, ಪಾಚಿಗಟ್ಟಿದ ಬಂಡೆಯ ಮೇಲೆ ಕಾಲು ನಿಲ್ಲದು.

ಇನ್ನೊಂದು ಮಾತು. ಕಲ್ಲಿಗೆ ಸಿಕ್ಕಿ ಕಡಿದ ದಾರವನ್ನೂ ಮುರಿದ ಗಾಳವನ್ನೂ ಹೆಕ್ಕಿ ಡಬ್ಬಿಗೆ ಹಾಕಿ ತನ್ನಿ. ಅದೇ ಕಡವಿಗೆ ಬೆಳಿಗ್ಗೆ ಬಟ್ಟೆ ಒಗೆಯಲು ಬರುವವರು ಬರಿಗಾಲಲ್ಲಿ ಇಳಿಯುತ್ತಾರೆ, ಸಂಜೆ ದನಗಳು ನೀರಿಗೆ ಬರುತ್ತವೆ.