ಹೋಳಿಗೆ ಮುನ್ನ ಚಿಕ್ಕ ರಣ ನೋಡಿ

ಶಿವರಾತ್ರಿಗೆ ಚಳಿ ‘ಶಿವ ಶಿವ’ ಎಂದು ಓಡಿಹೋಗುತ್ತದೆ ಎನ್ನುವುದು ಕನ್ನಡನಾಡಿನ ಮಾತು. ಗುಜರಾತಿನಲ್ಲಿ ಚಳಿ ಓಡಿದ ಬೆನ್ನಿಗೇ ಸುಡುಬಿಸಿಲು ಬಂದುಬಿಡುತ್ತದೆ. ಹಾಗಾಗಿ ಅಹಮದಾಬಾದ್, ವಡೋದರಾ, ಸೂರತ್‌ಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು ಕಛ್‌ನ ಚಿಕ್ಕ ರಣ ನೋಡಬೇಕೆಂದರೆ ಶಿವರಾತ್ರಿಯಿಂದ ಹೋಳಿಯವರೆಗಿನ ಹದಿನೈದು ದಿನವೇ ಹದವಾದ ಕಾಲ. ಬೆಳಗಿನ ಹೊತ್ತು ಹಿತವಾಗಿರುತ್ತದೆ, ಜೀಪು ಓಡುವಷ್ಟು ನೆಲ ಒಣಗಿರುತ್ತದೆ, ಚಳಿಗಾಲಕ್ಕೆ ಬಂದ ಕೊಕ್ಕರೆಗಳೂ ರಾಜಹಂಸಗಳೂ ಇನ್ನೂ ಪೂರ್ತಿ ಹೊರಟಿರುವುದಿಲ್ಲ.

ತಲಕಾಡಿನಂಥ ಮರಳು ದಿಬ್ಬಗಳನ್ನು ನೆನೆದು ಹೋದವರಿಗೆ ಇಲ್ಲಿ ಕಾಣುವುದು ಬೇರೆಯೇ ನೆಲ. ಕಣ್ಣು ಹಾಯುವಷ್ಟು ದೂರ ಬಿರುಕುಬಿಟ್ಟ ಉಪ್ಪುಮಣ್ಣಿನ ಬಯಲು. ಮಳೆಗಾಲದಲ್ಲಿ ಬನಾಸ್, ರೂಪೇಣ್ ನದಿಗಳ ನೀರೂ ಕಛ್ ಕೊಲ್ಲಿಯ ಉಪ್ಪುನೀರೂ ಸೇರಿ ಈ ಬಯಲು ಕೆರೆಯಾಗುತ್ತದೆ. ಆಗ ‘ಬೇಟ್’ ಎನ್ನುವ ಎತ್ತರದ ತಾಣಗಳಷ್ಟೇ ನಡುಗಡ್ಡೆಗಳಾಗಿ ಉಳಿಯುತ್ತವೆ. ಹುಲ್ಲು ಚಿಗುರುವುದು ಮುಖ್ಯವಾಗಿ ಈ ಬೇಟ್‌ಗಳ ಮೇಲೆ.

ಆ ಹುಲ್ಲನ್ನು ನೆಚ್ಚಿ ಬದುಕುವ ಪ್ರಾಣಿ ಘುಡ್‌ಖರ್, ಅಂದರೆ ಕಾಡುಕತ್ತೆ. ಮಣ್ಣಿನ ಬಣ್ಣದ ಮೈ, ಬಿಳಿ ಹೊಟ್ಟೆ, ಸೆಟೆದು ನಿಂತ ಕಂದು ಕೇಸರ, ಅಲ್ಲಿಂದ ಬಾಲದವರೆಗೆ ಬೆನ್ನಗುಂಟ ಇಳಿಯುವ ಕಪ್ಪುಗಂದು ಪಟ್ಟಿ. ರೋಗಗಳ ಹಾವಳಿಯಿಂದ 1960ರ ದಶಕದ ಕೊನೆಯ ಹೊತ್ತಿಗೆ ಇವುಗಳ ಸಂಖ್ಯೆ ನಾನೂರಕ್ಕಿಂತ ಕೆಳಗಿಳಿದಿತ್ತು. 1973ರಲ್ಲಿ ಸುಮಾರು 4,954 ಚದರ ಕಿಲೋಮೀಟರ್ ಪ್ರದೇಶ ಅಭಯಾರಣ್ಯವಾಯಿತು. 2024ರ ಗಣತಿಯಲ್ಲಿ ಸಿಕ್ಕ ಲೆಕ್ಕ 7,672. ಅಳಿವಿನ ಅಂಚಿನಿಂದ ಒಂದು ಜೀವಿ ಹೀಗೆ ಹಿಂದಿರುಗಿದ್ದನ್ನು ಮಕ್ಕಳಿಗೆ ಕಣ್ಣಾರೆ ತೋರಿಸಲು ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಅಹಮದಾಬಾದಿನಿಂದ ಸಾಣಂದ್, ವಿರಮಗಾಮ್ ಮೇಲೆ ದಸಾಡಾ ತಲುಪಲು ಸುಮಾರು ಎರಡು ಗಂಟೆ ಸಾಕು. ವಡೋದರಾದವರು ಎಕ್ಸ್‌ಪ್ರೆಸ್‌ವೇ ಹಿಡಿದು ಅಹಮದಾಬಾದಿಗೆ ಬಂದು ಇದೇ ದಾರಿಗೆ ಸೇರಬಹುದು. ಸೂರತ್‌ನವರಿಗೆ ರೈಲೇ ಲೇಸು. ಸೌರಾಷ್ಟ್ರದ ಕಡೆಗೆ ಹೋಗುವ ಗಾಡಿಯಲ್ಲಿ ವಿರಮಗಾಮ್‌ನಲ್ಲಿ ಇಳಿದರೆ ದಸಾಡಾ ದೂರವಿಲ್ಲ. ದಸಾಡಾ, ಝೈನಾಬಾದ್‌ಗಳಲ್ಲಿ ರಾತ್ರಿ ತಂಗಿ, ಮುಂಜಾನೆಯ ಸಫಾರಿಗೆ ಹೊರಡುವುದು ಉತ್ತಮ. ಒಳಗೆ ಹೋಗಲು ಅರಣ್ಯ ಇಲಾಖೆಯ ಪರವಾನಗಿ ಬೇಕು. ವಾಪಸಾಗುವಾಗ ಅರ್ಧ ದಿನ ಕೈಯಲ್ಲಿದ್ದರೆ, ಹನ್ನೊಂದನೆಯ ಶತಮಾನದ ಮೊಢೇರಾ ಸೂರ್ಯದೇಗುಲವನ್ನೂ ನೋಡಿ ಬರಬಹುದು.

ವಸಂತದಲ್ಲಿ ರಣ ಬರಿದಾಗಿರುವುದಿಲ್ಲ. ಖಾರಾಘೋಡಾದ ಸುತ್ತ ಅಗರಿಯಾ ಕುಟುಂಬಗಳ ಉಪ್ಪಿನ ಕೆಲಸ ಜೋರಾಗಿ ನಡೆದಿರುತ್ತದೆ. ಮಳೆ ನಿಂತ ಮೇಲೆ ಇಲ್ಲಿಗೆ ಬಂದು ಗುಡಿಸಲು ಕಟ್ಟುವ ಇವರು ನೆಲದಡಿಯ ಉಪ್ಪುನೀರನ್ನು ಪಂಪಿನಿಂದ ಮೇಲೆತ್ತಿ ಮಡಿಗಳಿಗೆ ಹಾಯಿಸುತ್ತಾರೆ. ಗಟ್ಟಿಯಾಗುವ ಹರಳನ್ನು ಉಪ್ಪುನೀರಲ್ಲೇ ನಿಂತು ಮರದ ಹಲುಬೆಯಿಂದ ಮತ್ತೆ ಮತ್ತೆ ಕೆದಕುತ್ತಾರೆ. ತಿಂಗಳುಗಟ್ಟಲೆ ಈ ದುಡಿಮೆ ಸಾಗಿದ ಮೇಲೆಯೇ ದಪ್ಪ ಹರಳುಪ್ಪು ಲಾರಿ ಏರುವುದು. ಕುಡಿಯುವ ನೀರೂ ಟ್ಯಾಂಕರಿನಲ್ಲೇ ಬರಬೇಕಾದ ಜಾಗವಿದು. ಆದ್ದರಿಂದ ಪ್ರವಾಸಿಗರು ತಮ್ಮ ನೀರನ್ನು ತಾವೇ ಒಯ್ಯಬೇಕು, ಫೋಟೊ ತೆಗೆಯುವ ಮುನ್ನ ಆ ಮಂದಿಯ ಒಪ್ಪಿಗೆ ಕೇಳಬೇಕು.

ಸ್ವಂತ ಕಾರನ್ನು ರಣಕ್ಕೆ ಇಳಿಸುವುದು ಬೇಡ. ಮೇಲೆ ಒಣಗಿದಂತೆ ಕಾಣುವ ಪದರದಡಿ ಕೆಸರಿರುತ್ತದೆ. ಚಕ್ರ ಹೂತರೆ ಸುಲಭಕ್ಕೆ ಮೇಲೇಳದು. ದಾರಿ ಬಲ್ಲ ಊರಿನ ಚಾಲಕರನ್ನೇ ಗೊತ್ತುಮಾಡಿಕೊಳ್ಳಿ, ಕಾಡುಕತ್ತೆಗಳ ಹಿಂದೆ ಜೀಪು ಅಟ್ಟಿಸಲು ಅವರನ್ನು ಒತ್ತಾಯಿಸಬೇಡಿ. ಈ ಸಲ ಆಗದಿದ್ದರೆ ಮುಂದಿನ ಚಳಿಗಾಲಕ್ಕೆ ಯೋಜನೆ ಹಾಕಿಕೊಳ್ಳಿ: ಜೂನ್ 16ರಿಂದ ಅಕ್ಟೋಬರ್ 15ರವರೆಗೆ ಅಭಯಾರಣ್ಯಕ್ಕೆ ಪ್ರವೇಶವಿಲ್ಲ.