ಹೂಳಿನ ಅಳತೆ: ತುಂಗಭದ್ರೆಯ ತಳ ಅರಿಯುವ ವಿದ್ಯೆ

ನದಿಯು ಬೆಟ್ಟದಿಂದ ಕೊಚ್ಚಿ ತರುವ ಮಣ್ಣು, ಮರಳು, ಕಲ್ಲುಚೂರುಗಳ ಪ್ರಮಾಣವೆಷ್ಟು, ಅವು ಎಷ್ಟು ದೂರ ಸಾಗಿ ಎಲ್ಲಿ ನೆಲೆಗೊಳ್ಳುತ್ತವೆ ಎಂಬುದನ್ನು ಅಳೆದು ನಿರ್ಧರಿಸುವ ಶಾಸ್ತ್ರವೇ ಹೂಳಿನ ಅಧ್ಯಯನ. ಸಿಂಧನೂರು, ಮಸ್ಕಿ ಭಾಗದ ಭತ್ತದ ಬೆಳೆಗಾರರಿಗೆ ಈ ಶಾಸ್ತ್ರದ ಹೆಸರು ಹೊಸದಿರಬಹುದಾದರೂ ಅದರ ಫಲ ಹೊಸದಲ್ಲ; ಜಲಾಶಯದಲ್ಲಿ ಎಷ್ಟು ಟಿಎಂಸಿ, ಅಂದರೆ ಎಷ್ಟು ನೂರು ಕೋಟಿ ಘನ ಅಡಿ, ನೀರು ಹಿಡಿಯುತ್ತದೆ ಎಂಬ ಒಂದು ಅಂಕಿಯ ಮೇಲೆಯೇ ತುಂಗಭದ್ರಾ ಎಡದಂಡೆ ನಾಲೆಗೆ ಎಲ್ಲಿಯವರೆಗೆ ನೀರು, ಬೇಸಿಗೆ ಬೆಳೆ ಉಂಟೋ ಇಲ್ಲವೋ ಎಂಬ ತೀರ್ಮಾನಗಳು ಬಹುಮಟ್ಟಿಗೆ ನಿಂತಿವೆ.

ಈ ಶಾಸ್ತ್ರಕ್ಕೆ ಅತ್ಯಂತ ಉಗ್ರವಾದ ಪಾಠಗಳು ದೊರೆತದ್ದು ಹಿಮ ಹೊದ್ದ ಜ್ವಾಲಾಮುಖಿಗಳ ಕಣಿವೆಗಳಲ್ಲಿ. 1980ರ ಮೇ 18ರಂದು ಅಮೆರಿಕದ ಸೇಂಟ್ ಹೆಲೆನ್ಸ್ ಪರ್ವತದ ಉತ್ತರ ಪಾರ್ಶ್ವವೇ ಕುಸಿದು, ಸುಮಾರು ಎರಡೂವರೆ ಘನ ಕಿಲೋಮೀಟರ್‌ನಷ್ಟು ಕಲ್ಲುಮಣ್ಣು ಟೂಟಲ್ ನದಿಯ ಕಣಿವೆಯನ್ನು ತುಂಬಿತು. ಅದನ್ನು ಆ ನದಿ ಇಂದಿಗೂ ಕೆಳಗೆ ಸಾಗಿಸುತ್ತಲೇ ಇದ್ದು, ಹೂಳನ್ನು ತಡೆಯುವುದಕ್ಕೆಂದೇ ಅಲ್ಲಿ 1989ರಲ್ಲಿ ಒಂದು ಅಣೆಕಟ್ಟು ಸಿದ್ಧವಾಯಿತು. 1985ರ ನವೆಂಬರ್ 13ರಂದು ಕೊಲಂಬಿಯಾದ ನೆವಾಡೊ ಡೆಲ್ ರುಯಿಜ್ ಬಾಯ್ದೆರೆದಾಗ ಶಿಖರದ ಹಿಮ ಕರಗಿ, ದಾರಿಯ ಮಣ್ಣುಬಂಡೆಗಳನ್ನೆಲ್ಲ ಸೆಳೆದುಕೊಂಡ ಕೆಸರಿನ ಪ್ರವಾಹವಾಗಿ, ಅರ್ಮೆರೊ ಎಂಬ ಪಟ್ಟಣವನ್ನು ಹೂತುಹಾಕಿತು. ಲಹಾರ್ ಎಂದು ಕರೆಯಲಾಗುವ ಇಂಥ ಪ್ರವಾಹಕ್ಕೆ ಅಂದು 20 ಸಾವಿರಕ್ಕೂ ಹೆಚ್ಚು ಜನ ಬಲಿಯಾದರು. ಅಲ್ಲಿ ಕೆಲವೇ ಗಂಟೆಗಳಲ್ಲಿ ಬಂದೆರಗುವ ಕೆಸರು ತುಂಗಭದ್ರೆಯಲ್ಲಿ ದಶಕಗಳ ಕಾಲ ಸದ್ದಿಲ್ಲದೆ ಸೇರುತ್ತದೆ ಎಂಬುದು ದೊಡ್ಡ ವ್ಯತ್ಯಾಸವೇ ಆದರೂ, ಅಳೆಯುವವರ ಮುಂದಿರುವ ಪ್ರಶ್ನೆಗಳು ಎರಡೂ ಕಡೆ ಒಂದೇ.

ಜ್ವಾಲಾಮುಖಿಯ ಮಾತು ಈ ಸೀಮೆಗೆ ಪೂರ್ತಿ ಪರಕೀಯವೂ ಅಲ್ಲ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಿಂದ ಮಸ್ಕಿಯವರೆಗೆ ಕೊಕ್ಕೆಯಾಕಾರದಲ್ಲಿ ಬಾಗಿರುವ, ಭೂವಿಜ್ಞಾನಿಗಳು ಹಟ್ಟಿ–ಮಸ್ಕಿ ಪದರಶಿಲಾ ಪಟ್ಟಿ ಎಂದು ಕರೆಯುವ ಭೂಭಾಗದ ಕರಿಹಸಿರು ಕಲ್ಲು, 250 ಕೋಟಿ ವರ್ಷಗಳಿಗೂ ಹಿಂದೆ ಉಕ್ಕಿದ ಲಾವಾ. ಅದು ನೀರಿನಡಿ ಉಕ್ಕಿತೆಂಬುದಕ್ಕೆ ದಿಂಬುಗಳನ್ನು ಒತ್ತೊತ್ತಾಗಿ ಪೇರಿಸಿದಂತೆ ಕಾಣುವ ಅದರ ಉಂಡೆಗಳೇ ಸಾಕ್ಷಿ. ಹಟ್ಟಿಯ ಚಿನ್ನವೂ ಇದೇ ಪಟ್ಟಿಯ ಕಲ್ಲುಗಳಲ್ಲಿದೆ; 1915ರಲ್ಲಿ ಮಸ್ಕಿಯಲ್ಲಿ ಅಶೋಕನ ಶಾಸನವನ್ನು ಗುರುತಿಸಿದ ಬೀಡನ್ ಕೂಡ ಚಿನ್ನದ ಗಣಿಯ ಎಂಜಿನಿಯರರೇ ಆಗಿದ್ದರು. ಆ ಲಾವಾ ಉಗುಳಿದ ಪರ್ವತಗಳು ಸವೆದು ನೆಲಸಮವಾಗಿ ಯುಗಗಳೇ ಕಳೆದಿವೆ. ಮಸ್ಕಿಯಲ್ಲಿ ದೀರ್ಘಕಾಲ ಕ್ಷೇತ್ರಕಾರ್ಯ ನಡೆಸಿದ ಪುರಾತತ್ತ್ವಜ್ಞ ಆಂಡ್ರ್ಯೂ ಬಾವರ್, ಮಧ್ಯ ಕರ್ನಾಟಕದ ಬೆಟ್ಟಗಳ ಮಣ್ಣಿನ ಸವೆತಕ್ಕೂ ಪ್ರಾಚೀನ ಜನರ ಭೂಬಳಕೆಗೂ ಇರುವ ನಂಟನ್ನು ಪರಿಶೀಲಿಸಿದ್ದಾರೆ. ಹೂಳು ಕೇವಲ ಮಳೆಯ ಕೆಲಸವಲ್ಲ, ಮನುಷ್ಯನ ಕೈಯೂ ಅದರಲ್ಲಿದೆ ಎಂಬುದನ್ನು ನೆನಪಿಡಬೇಕು.

ಆದರೆ ಸಿಂಧನೂರಿನ ಗದ್ದೆಯ ನೀರನ್ನು ಕಸಿಯುತ್ತಿರುವ ಹೂಳು ಈ ನೆಲದ್ದಲ್ಲ. ಅದು ತುಂಗಭದ್ರಾ ಅಣೆಕಟ್ಟಿನ ಮೇಲ್ಭಾಗದ, ಪಶ್ಚಿಮಘಟ್ಟದಿಂದ ಬಯಲುಸೀಮೆಯವರೆಗೆ ಹರಡಿದ ಸುಮಾರು 28 ಸಾವಿರ ಚದರ ಕಿಲೋಮೀಟರ್ ಜಲಾನಯನ ಪ್ರದೇಶದ್ದು. 1945ರಲ್ಲಿ ಆರಂಭಗೊಂಡು 1953ರಲ್ಲಿ ಪೂರ್ಣಗೊಂಡ ಅಣೆಕಟ್ಟೆಯ ಹಿಂದೆ ಮೊದಲಿಗೆ ಸುಮಾರು 133 ಟಿಎಂಸಿ ನೀರು ನಿಲ್ಲುತ್ತಿತ್ತು; 2008ರ ಸಮೀಕ್ಷೆಯ ಪ್ರಕಾರ ಅದು 100.855 ಟಿಎಂಸಿಗೆ ಇಳಿದಿತ್ತು. ನದಿಯ ನೀರು ಜಲಾಶಯದ ಬಾಯಿಗೆ ಬಂದೊಡನೆ ವೇಗ ಕಳೆದುಕೊಂಡು ದಪ್ಪ ಮರಳನ್ನು ಅಲ್ಲಿಯೇ ಇಳಿಸುತ್ತದೆ, ನಯವಾದ ಜೇಡಿ ಮಾತ್ರ ಅಣೆಕಟ್ಟೆಯ ಬುಡದವರೆಗೆ ಸಾಗುತ್ತದೆ. ಆದಕಾರಣ ಹೂಳು ತಳದ ನಿರುಪಯುಕ್ತ ಭಾಗದಲ್ಲಿಯೇ ತುಂಬುತ್ತದೆಂಬ ಜನಜನಿತ ನಂಬಿಕೆ ಅರ್ಧಸತ್ಯ, ನಾಲೆಗೆ ಹರಿಯಬೇಕಾದ ನೀರಿನ ಜಾಗವನ್ನೂ ಅದು ಕಬಳಿಸುತ್ತದೆ.

ಅಳತೆಯ ಕೆಲಸ ನದಿಯಲ್ಲಿಯೇ ಮೊದಲಾಗುತ್ತದೆ. ಕೇಂದ್ರ ಜಲ ಆಯೋಗದ ಮಾಪನ ಕೇಂದ್ರಗಳಲ್ಲಿ ಹರಿವಿನ ಆಳದ ಹತ್ತರಲ್ಲಿ ಆರು ಪಾಲಿನ ಮಟ್ಟಕ್ಕೆ ಬಾಟಲಿಯನ್ನಿಳಿಸಿ ನೀರು ಹಿಡಿದು, ಸೋಸಿ, ಒಣಗಿಸಿ, ತೂಗಲಾಗುತ್ತದೆ, 0.2 ಮಿಲಿಮೀಟರ್‌ಗಿಂತ ದಪ್ಪದ ಕಣ ಒರಟು, 0.075ಕ್ಕಿಂತ ಸಣ್ಣದು ನಯ, ನಡುವಿನದು ಮಧ್ಯಮ. ಇದು ತೇಲಿ ಬರುವ ಹೂಳಿನ ಲೆಕ್ಕವಷ್ಟೇ. ತಳದಲ್ಲಿ ಉರುಳುತ್ತ ಬರುವ ಮರಳು ಬಾಟಲಿಗೆ ಸಿಕ್ಕುವುದಿಲ್ಲ. ಅದಕ್ಕಾಗಿಯೇ ಜಲಾಶಯದ ತಳವನ್ನು ನೇರವಾಗಿ ಅಳೆಯಬೇಕಾಗುತ್ತದೆ. ಹಿಂದೆ ಸೀಸದ ಗುಂಡು ಕಟ್ಟಿದ ಹಗ್ಗವನ್ನು ಇಳಿಬಿಟ್ಟು ಆಳ ನೋಡುತ್ತಿದ್ದರು. ಈಗ ದೋಣಿಯ ತಳದ ಉಪಕರಣ ಕಳಿಸುವ ಶಬ್ದ ನೆಲಕ್ಕೆ ತಾಗಿ ಮರಳಲು ಹಿಡಿಯುವ ಸಮಯದಿಂದ ಆಳ ತಿಳಿಯುತ್ತದೆ. ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,500 ಮೀಟರ್ ಸಾಗುವುದರಿಂದ, ಹತ್ತು ಮೀಟರ್ ಆಳಕ್ಕೆ ಹೋಗಿಬರಲು ಅದಕ್ಕೆ ಬೇಕಾಗುವುದು ಸೆಕೆಂಡಿನ ನೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಹೊತ್ತು ಮಾತ್ರ. ನೀರಿನ ಉಷ್ಣತೆ ಬದಲಾದರೆ ಈ ವೇಗವೂ ಬದಲಾಗುವುದರಿಂದ, ಗೊತ್ತಿರುವ ಆಳಕ್ಕೆ ಲೋಹದ ಫಲಕವೊಂದನ್ನು ತೂಗುಬಿಟ್ಟು, ಉಪಕರಣ ಅದೇ ಆಳವನ್ನು ತೋರಿಸುತ್ತದೆಯೇ ಎಂದು ಪರೀಕ್ಷಿಸಿದ ಮೇಲೆಯೇ ದೋಣಿ ಹೊರಡುತ್ತದೆ. ಉಪಗ್ರಹದ ನೆರವಿನಿಂದ ತನ್ನ ಸ್ಥಾನ ಗುರುತಿಸಿಕೊಳ್ಳುತ್ತ ದೋಣಿ ಗೆರೆ ಎಳೆದಂತೆ ಅತ್ತಿಂದಿತ್ತ ಸಾಗಿ ಸಂಗ್ರಹಿಸಿದ ಆಳಗಳಿಂದ ಸಮೋನ್ನತಿ ರೇಖೆಗಳು, ಅಂದರೆ ಒಂದೇ ಎತ್ತರದ ಸ್ಥಳಗಳನ್ನು ಕೂಡಿಸುವ ಗೆರೆಗಳು, ಸಿದ್ಧವಾಗಿ, ಹಳೆಯ ನಕ್ಷೆಯೊಡನೆ ಹೋಲಿಸಿದಾಗ ತುಂಬಿದ ಹೂಳಿನ ಲೆಕ್ಕ ಸಿಗುತ್ತದೆ.

ಲೆಕ್ಕ ಸಿಕ್ಕಿತೆಂದ ಮಾತ್ರಕ್ಕೆ ಗೊಂದಲ ತೀರುವುದಿಲ್ಲ. 2016ರ ಸಮೀಕ್ಷೆ ಜಲಾಶಯದ ಸಾಮರ್ಥ್ಯವನ್ನು 105.788 ಟಿಎಂಸಿ ಎಂದಿತು. ಎಂಟು ವರ್ಷಗಳಲ್ಲಿ ಹೂಳು ಸುಮಾರು ಐದು ಟಿಎಂಸಿ ಕಡಿಮೆಯಾಯಿತೆಂದು ಇದರ ಅರ್ಥವಲ್ಲ. 2008ರಲ್ಲಿ ನೀರಿನ ಮೇಲಿಂದ ಆಳ ನೋಡಲಾಗಿತ್ತು, 2016ರದ್ದು ಭೂಮಾಪನ ವಿಧಾನ. ಎರಡು ಬಗೆಯ ಅಳತೆಯ ಫಲವನ್ನು ಪಕ್ಕಪಕ್ಕದಲ್ಲಿಟ್ಟು ಏರಿಳಿತದ ಮಾತಾಡುವುದು ಶಾಸ್ತ್ರಕ್ಕೆ ಒಪ್ಪುವುದಲ್ಲ. ಯಾವ ಅಂಕಿ ಹಿಡಿದರೂ ವರ್ಷಕ್ಕೆ ಸರಾಸರಿ ಅರ್ಧ ಟಿಎಂಸಿಯ ಆಸುಪಾಸಿನ ನಷ್ಟವಂತೂ ನಿಜ, ಚಿಂತಿಸಬೇಕಾದದ್ದು ಅದನ್ನು.

ಹೂಳೆತ್ತಿಬಿಡಬಹುದಲ್ಲವೇ ಎಂಬ ಪ್ರಶ್ನೆ ಸಹಜ. ಒಂದು ಟಿಎಂಸಿ ಎಂದರೆ 2.83 ಕೋಟಿ ಘನ ಮೀಟರ್. ಹತ್ತು ಘನ ಮೀಟರ್ ಹಿಡಿಯುವ ಟಿಪ್ಪರ್‌ಗೆ 28 ಲಕ್ಷ ಲೋಡು, ಅದೂ ಒಂದೇ ಟಿಎಂಸಿಗೆ. ಕನಕಗಿರಿ ತಾಲ್ಲೂಕಿನ ನವಲಿ ಬಳಿ ಸಮಾನಾಂತರ ಜಲಾಶಯ ಕಟ್ಟುವ ಪ್ರಸ್ತಾವ ಹುಟ್ಟಿದ್ದು ಈ ಅಸಾಧ್ಯತೆಯಿಂದಲೇ. ಅದು ಕಳೆದ ನೀರಿಗೆ ಬದಲಿ ಜಾಗ ಒದಗಿಸಬಲ್ಲದೇ ಹೊರತು ಹೂಳು ಬರುವುದನ್ನು ನಿಲ್ಲಿಸಲಾರದು. ನಿಲ್ಲಿಸುವ ಕೆಲಸ ಮೇಲಿನ ಜಿಲ್ಲೆಗಳ ಇಳಿಜಾರು ಹೊಲಗಳ ಬದುಗಳಲ್ಲಿ, ಹಳ್ಳಗಳ ತಡೆಗಳಲ್ಲಿ, ಕಾಡಿನ ಅಂಚಿನಲ್ಲಿ ಆಗಬೇಕು.

ಜಲಾಶಯವನ್ನು ನೋಡಿಕೊಳ್ಳುವ ತುಂಗಭದ್ರಾ ಮಂಡಳಿ ಮುಂದಿನ ಸಮೀಕ್ಷೆಗಳನ್ನು ನಿಗದಿತ ಅವಧಿಗೊಮ್ಮೆ ಒಂದೇ ವಿಧಾನದಲ್ಲಿ ನಡೆಸಿ, ಅಳತೆಯ ಕ್ರಮದ ವಿವರಣೆಯೊಂದಿಗೆ ಕನ್ನಡದಲ್ಲಿ ಪ್ರಕಟಿಸಬೇಕು; ನಾಲೆಯ ಕೊನೆ ಭಾಗದ ರೈತರು ನೀರಾವರಿ ಸಲಹಾ ಸಮಿತಿಯ ಸಭೆಗೆ ಮೊದಲೇ ಆ ವರದಿಯನ್ನು ಕೇಳಿ ಪಡೆಯಬೇಕು.